ಎಲೆ ನೋಡುವ ಸೋಮವಾರ

ನಾನು ಓದು ನಿಲ್ಲಿಸಿದ್ದು 1989ರಲ್ಲಿ, ಏಳನೇ ಕ್ಲಾಸಿಗೆ. ಅದಾದ ಮೇಲೆ ನನ್ನನ್ನು ಮತ್ತೆ ಪರೀಕ್ಷೆಗೆ ಕೂರಿಸಿದವರು ಒಬ್ಬರೇ. ಅವರ ಎಡ ಮುಂಗೈ ಮೇಲೆ ಎಣ್ಣೆ ಸಿಡಿದ ಕಲೆಗಳಿದ್ದವು. ಸ್ಟಿಯರಿಂಗ್ ಹಿಡಿದಾಗ ಬಳೆ ಹಿಂದಕ್ಕೆ ಸರಿದು ಅವು ಸಾಲಾಗಿ ಕಾಣುತ್ತಿದ್ದವು.

ಬೆಲ್ಜಿಯಂ ಗಡಿಗೆ ಹತ್ತಿರದ ಟಿಲ್‌ಬರ್ಗ್ ಊರಿನಲ್ಲಿ ಅವರದೊಂದು ಪುಟ್ಟ ಹೋಟೆಲು. 2006ರಲ್ಲಿ ನಾನು ತುಮಕೂರಿನಿಂದ ಅಲ್ಲಿಗೆ ಅಡುಗೆ ಕೆಲಸಕ್ಕೆ ಬರುವಷ್ಟರಲ್ಲಿ ಅವರ ಯಜಮಾನರು ತೀರಿಕೊಂಡಿದ್ದರು. ನಮಗೆಲ್ಲ ಅವರು ಅಕ್ಕ. ದೋಸೆ ಹುಯ್ಯಲು ಅಲ್ಲಿ ನಾಲ್ಕು ಜನ ಇದ್ದೆವು, ವ್ಯಾನು ಓಡಿಸಲು ಅಕ್ಕ ಒಬ್ಬರೇ.

ಅಕ್ಟೋಬರ್ ಕೊನೆಯ ಸೋಮವಾರ, ಹೋಟೆಲಿಗೆ ರಜೆಯಿದ್ದ ದಿನ, ನಮ್ಮನ್ನೆಲ್ಲ ವ್ಯಾನಿಗೆ ಹತ್ತಿಸಿಕೊಂಡು, ಉದುರುವ ಮುನ್ನ ಬಣ್ಣ ತಿರುಗಿದ ಎಲೆ ನೋಡಲು ಹೊರಡುತ್ತಿದ್ದರು. ದೇಶದ ದಕ್ಷಿಣ ತುದಿಯ ವಾಲ್ಸ್ ಊರಿನ ಬೆಟ್ಟ ಹತ್ತಿ, ಗಡಿ ದಾಟಿ, ಬೆಲ್ಜಿಯಂ ಕಡೆಯ ತಿರುವುಗಳಲ್ಲಿ ಸಂಜೆಯವರೆಗೂ ಸುತ್ತಾಟ. ತೊಡೆ ಮೇಲೆ ಪುಳಿಯೋಗರೆ ಡಬ್ಬಿ.

ಮೊದಲ ವರ್ಷ ನಾನು ಕೇಳಿದೆ: "ಇದಾ ಅಕ್ಕ ಬೆಟ್ಟ? ನಮ್ಮ ಕಡೆ ಇದನ್ನ ದಿಬ್ಬ ಅಂತೀವಿ."

"ಈ ದೇಶದಲ್ಲಿ ಇರೋದೇ ಇಷ್ಟು ಕಣೋ. ಬಾಯಿ ಮುಚ್ಕೊಂಡು ಎಲೆ ನೋಡು."

ನೋಡಿದೆ. ಒಂದು ತಿರುವಿನಲ್ಲಿ ಅರಿಶಿನ, ಮುಂದಿನದರಲ್ಲಿ ಬ್ಯಾಡಗಿ ಮೆಣಸಿನಕಾಯಿಯ ಕೆಂಪು. ಎಲ್ಲರೂ ಕಾರು ನಿಲ್ಲಿಸಿ ಫೋಟೋ ತೆಗೆಯುವ ಕಡೆ ಅಕ್ಕ ನಿಲ್ಲಿಸುತ್ತಲೇ ಇರಲಿಲ್ಲ. "ನಿಂತು ನೋಡಿದ್ರೆ ಬರೀ ಮರ. ಓಡ್ತಾ ನೋಡಿದ್ರೆ ಬೆಟ್ಟಾನೇ ತಿರುಗುತ್ತೆ" ಎನ್ನುತ್ತಿದ್ದರು. ಹಿಂದಿನವರು ಹಾರ್ನ್ ಮಾಡಿದರೆ ಪಕ್ಕಕ್ಕೆ ಸರಿದು ದಾರಿ ಬಿಡುವರು. "ಹೋಗ್ಲಿ ಪಾಪ, ಅವ್ರಿಗೆ ಬೇರೆ ಕೆಲ್ಸ ಇದೆ."

2013ರಲ್ಲಿ ವಾಪಸು ಬರುವಾಗ ಸುಮ್ಮನೆ ಕೇಳಿದೆ: "ಚರ್ಚಿನ ತಿರುವಲ್ಲಿ ಒಂದು ಕೆಂಪು ಮರ ಇದೆಯಲ್ಲ ಅಕ್ಕ, ಹೋದ ವರ್ಷಾನೂ ಅಷ್ಟೇ ಕೆಂಪಗಿತ್ತಾ?"

"ಯಾರಿಗ್ಗೊತ್ತು? ಆ ತಿರುವಲ್ಲಿ ಎದುರಿಗೆ ಬಸ್ ಬರುತ್ತೆ. ನಾನು ಬಸ್ ನೋಡ್ತೀನಿ."

ಹಿಂದೆ ಕೂತವರು ನಕ್ಕರು. ನನಗೆ ನಗು ಬರಲಿಲ್ಲ. "ಹಂಗಾದ್ರೆ ಇಷ್ಟು ವರ್ಷ ನೀವು ಎಲೇನೇ ನೋಡಿಲ್ವಾ?"

"ನಮ್ಮೆಜಮಾನ್ರು ಓಡಿಸೋವಾಗ ನೋಡ್ತಿದ್ದೆ. ನೀನು ಲೈಸೆನ್ಸ್ ತಗೋ, ಮತ್ತೆ ನೋಡ್ತೀನಿ."

"ಪರೀಕ್ಷೆ ಪಾಸ್ ಮಾಡೋನಾಗಿದ್ರೆ ಇಲ್ಲಿ ಈರುಳ್ಳಿ ಹೆಚ್ತಾ ಇರ್ತಿದ್ನಾ ಅಕ್ಕ?" ಎಂದು ಮಾತು ಹಾರಿಸಿದೆ. ಯಾವ ಪರೀಕ್ಷೆಯೂ ಇಲ್ಲದೆ ಕೈಕೆಲಸದಿಂದಲೇ ಇಷ್ಟು ದೂರ ಬಂದವನು ಎಂಬ ಜಂಬ ನನ್ನದು. ಅದನ್ನು ಪಣಕ್ಕಿಡಲು ಮನಸ್ಸಿರಲಿಲ್ಲ.

ಮರುವರ್ಷ ಅಕ್ಕನ ಹೊಟ್ಟೆಯಲ್ಲಿ ಗಡ್ಡೆ ಕಂಡಿತು. ಡಾಕ್ಟರು ಇನ್ನೊಂದು ಚಳಿಗಾಲದ ಮಾತಾಡಿದರೇ ಹೊರತು ಅದರಾಚೆಯದು ಆಡಲಿಲ್ಲ. ಗಾಡಿ ಓಡಿಸಕೂಡದು ಎಂದರು. ಅವತ್ತೇ ನಾನು ಪರೀಕ್ಷೆಗೆ ಹೆಸರು ಕೊಟ್ಟೆ.

ಅಡುಗೆಮನೆಯಲ್ಲಿ ಕುರ್ಚಿ ಹಾಕಿಕೊಂಡು ಅಕ್ಕ ಪಾಠ ಶುರು ಮಾಡಿದರು. ಸೌಟುಗಳನ್ನು ಅಡ್ಡಡ್ಡ ಇಟ್ಟರೆ ಕೂಡುರಸ್ತೆ, ಉದ್ದಿನವಡೆ ಇಟ್ಟರೆ ಸರ್ಕಲ್, ನಿಂಬೆಹಣ್ಣು ಸೈಕಲ್ಲು.

"ಬಲಗಡೆಯಿಂದ ನಿಂಬೆಹಣ್ಣು ಬಂತು. ಏನ್ಮಾಡ್ತೀಯ?"

"ನಿಲ್ತೀನಿ."

"ಯಾಕೋ? ನಿಂದು ದೊಡ್ಡ ಗಾಡಿ."

"ಬಲಗಡೆಯಿಂದ ಬಂದ್ರೆ ಸೈಕಲ್ಲೇ ಮೊದಲು."

"ಭೇಷ್. ಸರ್ಕಲ್ ತಿನ್ಕೋ."

ಮೊದಲ ಸಲ ಫೇಲಾದೆ. ಬಂದು ಹಿಟ್ಟು ರುಬ್ಬಲು ನಿಂತೆ. ಅಕ್ಕ ಸಮಾಧಾನ ಹೇಳಲಿಲ್ಲ. "ಎಲೆ ನಿನಗೋಸ್ಕರ ಕಾಯಲ್ಲ ಕಣೋ" ಎಂದರು. ಅಕ್ಟೋಬರ್ ಹೊತ್ತಿಗೆ ಲೈಸೆನ್ಸ್ ಕೈಗೆ ಬಂತು.

ಆ ಸೋಮವಾರ ನಾವಿಬ್ಬರೇ ಹೊರಟೆವು. ಅಕ್ಕ ಹೊಟ್ಟೆಗೆ ದಿಂಬು ಒತ್ತಿಕೊಂಡು ಪಕ್ಕದ ಸೀಟಿನಲ್ಲಿ ಕೂತರು. ಟಿಲ್‌ಬರ್ಗ್‌ನ ಚಪ್ಪಟೆ ರಸ್ತೆಯಲ್ಲಿ ಕಲಿತವನಿಗೆ ಏರು ಹೊಸದು. ದಿಬ್ಬವೆಂದು ನಾನು ಹಂಗಿಸಿದ್ದ ಜಾಗದಲ್ಲೇ ವ್ಯಾನು ನಿಂತುಹೋಯಿತು.

"ಗೇರ್ ಇಳಿಸು! ಕ್ಲಚ್ಚು, ಕ್ಲಚ್ಚು! ಬಸ್ ಬಂತು ನೋಡೋ!" ಇಲ್ಲದ ಬ್ರೇಕನ್ನು ಅಕ್ಕನ ಬಲಗಾಲು ದಾರಿಯುದ್ದಕ್ಕೂ ಒತ್ತುತ್ತಲೇ ಇತ್ತು.

ಮೇಲೆ ಹೋಗಿ ನಿಲ್ಲಿಸಿ ಕೇಳಿದೆ: "ಕೆಂಪು ಮರ ನೋಡಿದ್ರಾ?"

ಅಕ್ಕ ನನ್ನನ್ನೇ ನೋಡಿದರು. "ಇಲ್ಲ ಕಣೋ. ಬಸ್ ನೋಡ್ದೆ."

ಇಬ್ಬರೂ ನಕ್ಕೆವು. ನಕ್ಕು ಅವರಿಗೆ ಹೊಟ್ಟೆ ನೋವು ಬಂತು. ನಾನು ವ್ಯಾನು ತಿರುಗಿಸಿ ಕೆಳಗಿಳಿದು, ಅದೇ ರಸ್ತೆಯನ್ನು ಮತ್ತೆ ಹತ್ತತೊಡಗಿದೆ. "ಈ ಸಲ ಬಸ್ ನನಗೆ ಬಿಡಿ. ಮರ ನಿಮಗೆ."

ಚರ್ಚು ಹತ್ತಿರವಾದಾಗ ಓರೆಗಣ್ಣಿನಲ್ಲಿ ನೋಡಿದೆ. ಅವರ ಕಾಲು ಸುಮ್ಮನಿತ್ತು. ಮುಖ ಪೂರ್ತಿ ಕಿಟಕಿಯ ಕಡೆಗಿತ್ತು. ಬಸ್ಸು ಬಂತು, ಹೋಯಿತು. ತಿರುವು ದಾಟಿದ ಮೇಲೆ ಅಕ್ಕ, "ಅವ್ರು ಓಡಿಸೋವಾಗ ಈ ಮರ ಇಷ್ಟು ದೊಡ್ಡದಿರ್ಲಿಲ್ಲ" ಎಂದರು.

ಫೆಬ್ರವರಿಯಲ್ಲಿ ಹೋದರು.

ನನ್ನ ಹೆಂಡತಿ ಊರಿನಿಂದ ಬಂದಾಗ ಮೊದಲು ಅವಳನ್ನು ಡ್ರೈವಿಂಗ್ ಕ್ಲಾಸಿಗೆ ಸೇರಿಸಿದೆ. ಅದು 2019ರಲ್ಲಿ. ಈಗ ನನಗಿರುವುದು ಬಾಡಿಗೆಗೆ ಹಿಡಿದ ಅದೇ ಹೋಟೆಲು, ಆರು ಮೇಜು, ಒಂದು ವ್ಯಾನು, ಮನೆಯಲ್ಲಿ ಎರಡು ಲೈಸೆನ್ಸು. ಅಕ್ಟೋಬರಿನಲ್ಲಿ ಬೆಟ್ಟ ಹತ್ತುವಾಗ ನಾನು ಓಡಿಸುತ್ತೇನೆ, ಇಳಿಯುವಾಗ ಅವಳು.