ಬಾಟ್ಲಿ ತಿಳಿಯಾಗುವ ತನಕ

ನಂಜನಗೂಡಿನ ಒಂದು ಗೊಬ್ಬರದಂಗಡಿಯ ಹಿಂದೆ ಮಣ್ಣು ಪರೀಕ್ಷೆಯ ಕೋಣೆಯಿದೆ. ಅಲ್ಲಿ ಕೆಲಸ ಮಾಡುವ ವನಜಾಕ್ಷಿಗೆ ಮದುವೆಯಾಗಲಿಲ್ಲ, ಅಪ್ಪ ಅಮ್ಮನೂ ಹೋಗಿಬಿಟ್ಟರು, ಬಾಡಿಗೆ ರೂಮಿನಲ್ಲಿ ಒಬ್ಬಳೇ. ದಿನವಿಡೀ ಮಣ್ಣು ತರುವ ರೈತರೊಡನೆ ಆಡುವ ಮಾತೆಂದರೆ "ಚೀಟಿ ಅಂಟಿಸಿದ್ದೀರಾ?", "ಸೋಮವಾರ ಬನ್ನಿ", ಇಷ್ಟೇ. ಇದೂ ಒಂದು ಮಾತೇ?

ಹದಿನಾರು ಎಂಬ ಊರಿನ ಮುದುಕಿ ಪುಟ್ಟಬಸಮ್ಮ ಮಾತ್ರ ಮಣ್ಣು ಕೊಟ್ಟು ಹೋಗಿಬಿಡುವ ಪೈಕಿಯಲ್ಲ. ಒಂದೊಂದು ಸಲ ಒಂದೊಂದು ಹೊಲದ್ದೆಂದು ಸೆರಗಿನ ಗಂಟು ಬಿಚ್ಚಿ ಮಣ್ಣು ಕೊಟ್ಟು, ಎಲೆಅಡಿಕೆ ಹಾಕಿಕೊಂಡು, ಸ್ಟೂಲೆಳೆದು ಕೂತೇಬಿಡುವಳು. ವನಜಾಕ್ಷಿ ಬಾಟ್ಲಿಗೆ ಮಣ್ಣೂ ನೀರೂ ಹಾಕಿ ಕುಲುಕಿ ಇಟ್ಟರೆ ಇಬ್ಬರೂ ನೋಡುತ್ತಾ ಹರಟುವರು. ಮರಳು ದಪ್ಪ, ಇಟ್ಟ ತಕ್ಷಣ ತಳ ಸೇರುತ್ತದೆ. ಅದರ ಮೇಲೆ ಹೂಳು. ನುಣ್ಣನೆಯ ಜೇಡಿ ಮಾತ್ರ ನೀರಲ್ಲೇ ತೇಲಾಡುತ್ತಾ ಮಾರನೆಯ ದಿನದವರೆಗೂ ಸತಾಯಿಸುತ್ತದೆ. ಆಮೇಲೆ ಪದರಗಳನ್ನು ಅಳೆದರೆ ಮಣ್ಣು ಯಾವ ಬಗೆಯದೆಂದು ಗೊತ್ತಾಯಿತು.

"ನಾಳೀಕೆ ನೋಡಕ್ಕೆ ಬತ್ತೀನಿ ಮಗಾ" ಎಂದು ಮುದುಕಿ ಹೊರಡುವಳು. ವನಜಾಕ್ಷಿಗೆ ಆ ನಾಳೆ ಒಂದಿದ್ದರೆ ಸಾಕಿತ್ತು.

ಒಂದು ದಿನ ಮುದುಕಿ "ಇದು ಕೆರೆ ಕೆಳಗ್ಲು ಗದ್ದೇದು" ಎಂದು ಇನ್ನೊಂದು ಗಂಟು ಬಿಚ್ಚಿದಳು. ವನಜಾಕ್ಷಿ ನೀರು ಚಿಮುಕಿಸಿ ಬೆರಳಲ್ಲಿ ಒತ್ತಿದಳು. ಗದ್ದೆ ಮಣ್ಣಾದರೆ ರಿಬ್ಬನ್ನಿನಂತೆ ಉದ್ದಕ್ಕೆ ಬರಬೇಕು, ಇದು ಪುಡಿಪುಡಿ. ಬಾಟ್ಲಿಗೆ ಹಾಕಿಟ್ಟು ಬಾಯಿ ಮುಚ್ಚಿಕೊಂಡಿರಬಾರದಿತ್ತೇ, ಪುಣ್ಯಾತ್ಗಿತ್ತಿ!

"ಇದು ಗದ್ದೇದಲ್ಲ ಅವ್ವ. ಪ್ರತಿ ಸಲವೂ ಒಂದೇ ಮಣ್ಣು ತರ್ತಿದ್ದೀರ."

ಮುದುಕಿಯ ಮುಖ ಸಪ್ಪಗಾಯಿತು. "ಎಲ್ಲಾ ನಮ್ಮನೆ ಇತ್ಲುದೇ ಕಣವ್ವ. ಒಬ್ಳೇ ಕೂತೂ ಕೂತೂ ಬ್ಯಾಸ್ರ ಆಯ್ತದೆ, ಅದ್ಕೇ ಬತ್ತಿದ್ದೆ" ಎಂದವಳೇ ಎದ್ದು ಹೋದಳು.

ಮಾರನೆಯ ದಿನ ಬರಲಿಲ್ಲ. ವಾರವಾದರೂ ಬರಲಿಲ್ಲ. ಅವತ್ತಿನ ಮಣ್ಣನ್ನು ವನಜಾಕ್ಷಿ ಬಾಟ್ಲಿಗೆ ಹಾಕಿ ಕುಲುಕಿಟ್ಟಿದ್ದಳು. ಅದರ ನೀರು ತಿಳಿಯಾಗಿ ಪದರಗಳು ಗೆರೆ ಎಳೆದಂತೆ ನಿಂತವು, ನೋಡುವವರಿಲ್ಲ. ಅದನ್ನು ಚೆಲ್ಲಲು ವನಜಾಕ್ಷಿಗೆ ಕೈ ಬರಲಿಲ್ಲ. ಸ್ಟೂಲು ಖಾಲಿಯೇ ಇತ್ತು. ತನಗೂ ಆ ಮುದುಕಿಯನ್ನು ಬಿಟ್ಟರೆ ಯಾರಿದ್ದರು? ಅದನ್ನು ಅವತ್ತೇ ಹೇಳಬೇಕಿತ್ತು.

ಭಾನುವಾರ ಬಾಟ್ಲಿಯನ್ನು ಬ್ಯಾಗಿಗೆ ಹಾಕಿಕೊಂಡು ಹದಿನಾರಿನ ಬಸ್ಸು ಹತ್ತಿದಳು. ಆ ರಸ್ತೆಯೋ, ದೇವರಿಗೇ ಪ್ರೀತಿ. ಪುಟ್ಟಬಸಮ್ಮನ ಜಗಲಿಯಲ್ಲಿ ತೆಗೆದಿಟ್ಟಾಗ ಬಾಟ್ಲಿ ಪೂರ್ತಿ ಕಲಕಿ ರಾಡಿಯಾಗಿತ್ತು.

ಮುದುಕಿ ಅದನ್ನೂ ನೋಡಿದಳು, ಇವಳನ್ನೂ ನೋಡಿದಳು. "ಇನ್ನೂವೆ ತಿಳಿಯಾಗಿಲ್ವಲ್ಲ ಮಗಾ?"

"ಇಲ್ಲ ಕಣವ್ವ. ನಾಳೆವರೆಗೂ ಬೇಕು" ಎಂದಳು ವನಜಾಕ್ಷಿ.

"ಅಂಗಾದ್ರೆ ತಿಳಿಯಾಗೋ ಗಂಟ ಇಲ್ಲೇ ಇರು" ಎಂದು ಪುಟ್ಟಬಸಮ್ಮ ಚಾಪೆ ಹಾಸಿದಳು.