ಯುಗಾದಿ ಫೈಲ್ ತೆರೆಯದ ದಿನ

ಅಮೆರಿಕದ ಲಿಯಾಂಡರ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಧಾರವಾಡದ ಆಂಟಿ, ಕುಕ್ಕರ್ ಕೂಗದಿದ್ದರೂ ಕಂಪ್ಯೂಟರ್ ಕೆಟ್ಟರೂ ಹೇಳುತ್ತಿದ್ದುದು ಒಂದೇ ಮಾತು: “ಅದಕ್ಕ ಸ್ವಲ್ಪ ಉಸಿರಾಡ್ಲಿಕ್ಕೆ ಬಿಡ್ರಿ.” ಅವರ ಲ್ಯಾಪ್‌ಟಾಪ್ ಓಡುತ್ತಿದ್ದುದು ನಮ್ಮ ವೈಫೈ ಮೇಲೆ.

ಯುಗಾದಿ ಊಟಕ್ಕೆ ಯಾರು ಏನು ತರಬೇಕೆಂಬ ಎಕ್ಸೆಲ್ ಫೈಲ್ ಕೂಡ ನಮ್ಮ ನೆಟ್‌ವರ್ಕ್‌ನಲ್ಲೇ ಇತ್ತು. ಅದನ್ನು ನನ್ನ ಹೆಂಡತಿಯೂ ಆಂಟಿಯೂ ಸೇರಿ ತುಂಬಿಸುತ್ತಿದ್ದರು. ಆ ಸಲ ಹೋಳಿಗೆಗೆ ತನ್ನ ಹೆಸರು ಹಾಕಿಕೊಂಡಿದ್ದ ಹೆಂಡತಿ, ದಿನವೂ ಒಂದಿಷ್ಟು ಮಾಡಿ ಆಂಟಿಗೆ ರುಚಿ ತೋರಿಸುತ್ತಿದ್ದಳು.

ಎಲ್ಲರಿಗೂ ಕಳಿಸಬೇಕಾದ ದಿನ ಫೈಲ್ ತೆರೆಯಲೇ ಇಲ್ಲ. ಬೇರೆ ಯಾರೋ ಬಳಸುತ್ತಿದ್ದಾರೆ ಎಂದಿತು. ನಮ್ಮ ಮನೆಯ ಯಾವ ಕಂಪ್ಯೂಟರಿನಲ್ಲೂ ಅದು ತೆರೆದಿರಲಿಲ್ಲ, ಹಾಗಾಗಿ ರೌಟರ್ ಆಫ್ ಮಾಡಲು ಹೊರಟೆ. ಹೋಳಿಗೆ ತಿನ್ನಲು ಬಂದಿದ್ದ ಆಂಟಿ ಅಡ್ಡ ನಿಂತರು.

“ಮುಟ್ಟಬ್ಯಾಡ್ರಿ. ಉಸಿರಾಡ್ಲಿಕ್ಕೆ ಬಿಡ್ರಿ. ನಾ ಕನ್ನಡಕ ತಗೊಂಡು ಬರ್ತೀನಿ.”

ಅವರು ಮನೆಗೆ ಹೋಗಿ ಬರುವಷ್ಟರಲ್ಲಿ ಫೈಲ್ ತೆರೆಯಿತು. ಕನ್ನಡಕ ಮೊದಲೇ ಅವರ ಮೂಗಿನ ಮೇಲಿತ್ತೆಂದು ನನ್ನ ನೆನಪು. ನನ್ನ ನೆನಪನ್ನು ನಾನೇ ಅಷ್ಟಾಗಿ ನಂಬುವುದಿಲ್ಲ. ಆದರೆ ಹೋಳಿಗೆಯ ಮುಂದೆ ಆಂಟಿಯ ಹೆಸರಿತ್ತು, ಹೆಂಡತಿಯ ಪಾಲಿಗೆ ಕೋಸಂಬರಿ ಬಂದಿತ್ತು.

ಅವಳು ಆಂಟಿಯನ್ನೇ ನೋಡಿದಳು.

“ಕೋಸಂಬರಿ ನಿನ್ನ ಕೈಯಾಗ ಭಾಳ ಛಲೋ ಆಗ್ತದವಾ,” ಎಂದರು ಆಂಟಿ, ತಟ್ಟೆಯಲ್ಲಿದ್ದ ಹೋಳಿಗೆಯನ್ನು ಎರಡೂ ಕೈಯಲ್ಲಿ ಹಿಡಿದು ಮುರಿಯಲು ಹೆಣಗುತ್ತ.