ನೀರು ಬಿಟ್ಟವನು, ದೋಣಿ ಹಿಡಿದವಳು

ಬಂದರಿನಲ್ಲಿ ಬೆಂಕಿ ಆರಿಸುವ ದೋಣಿಯನ್ನು ನಡೆಸುವವಳಿಗೆ ಎಲ್ಲರೂ ಇಟ್ಟ ಹೆಸರು ‘ಚುಕ್ಕಾಣಿಯಮ್ಮ’. ಅದೇ ದೋಣಿಯ ಮುಂಭಾಗದಲ್ಲಿ ನಿಂತು ನೀರಿನ ಪೈಪು ಹಿಡಿಯುವವನು ಅವಳ ಗಂಡ. ಮನೆಯಲ್ಲಿ ಇಬ್ಬರದೂ ಹಾವು ಮುಂಗುಸಿ ಸಂಬಂಧ. ಕಿಟಕಿ ತೆರೆಯಬೇಕೋ ಮುಚ್ಚಬೇಕೋ ಎಂಬುದಕ್ಕೂ ಅರ್ಧ ಗಂಟೆ ವಾದ. ಆ ಸಂಗತಿ ಬಂದರಿಗೆಲ್ಲ ಗೊತ್ತಿತ್ತು.

“ನಾಳೆ ಅಪಾಯದಲ್ಲೂ ನೀವಿಬ್ಬರು ಹೀಗೇ ಮಾತಿಗೆ ಮಾತು ಬೆಳೆಸಿದ್ರೆ ಏನು ಗತಿ? ಮುಂದಿನ ವಾರದಿಂದ ನೀನು ದಡದ ಕೆಲಸಕ್ಕೆ ಬಾಮ್ಮ,” ಎಂದುಬಿಟ್ಟರು ಮೇಲಧಿಕಾರಿ. ದೋಣಿ ನಡೆಸುವುದು ಅವಳು ಅಪ್ಪನ ಬೆನ್ನಿಗೆ ಬಿದ್ದು, ಬೈಸಿಕೊಂಡು ಕಲಿತ ಕೆಲಸ.

ಕೆಲಸವೇನು ಸಾಮಾನ್ಯದ್ದೇ? ಪೈಪು ನೀರನ್ನು ಮುಂದಕ್ಕೆ ತಳ್ಳಿದರೆ ನೀರೂ ಅಷ್ಟೇ ಬಲದಿಂದ ಪೈಪನ್ನು ಹಿಂದಕ್ಕೆ ತಳ್ಳುತ್ತದೆ. ಪೈಪಿನ ಜೊತೆ ದೋಣಿಯೂ ಹಿಂದೆ ಸರಿಯುತ್ತದೆ. ನೀರು ಮುಂದಕ್ಕೆ ಹೊತ್ತೊಯ್ಯುವ ಸಂವೇಗ ಎಷ್ಟೋ, ದೋಣಿಗೆ ಹಿಂದಕ್ಕೆ ಸಿಗುವುದೂ ಅಷ್ಟೇ. ಎರಡನ್ನೂ ಕೂಡಿಸಿದರೆ ಲೆಕ್ಕ ಚುಕ್ತಾ. ಹಾಗಾಗಿ ಗಂಡ ನೀರು ಬಿಟ್ಟಾಗಲೆಲ್ಲ ಇವಳು ಎಂಜಿನ್ನಿನಿಂದ ದೋಣಿಯನ್ನು ಮುಂದಕ್ಕೆ ಒತ್ತಿ ಇದ್ದಲ್ಲೇ ನಿಲ್ಲಿಸುತ್ತಿದ್ದಳು. ಅವಳ ಕೈ ಒಮ್ಮೆಯೂ ತಪ್ಪಿದ್ದಿಲ್ಲ.

ಆ ವಾರವೇ ಒಂದು ಸರಕಿನ ಹಡಗಿಗೆ ಬೆಂಕಿ ಬಿತ್ತು. ಮೇಲಧಿಕಾರಿಯೂ ದೋಣಿ ಹತ್ತಿದರು. ಉರಿಯುವ ಹಡಗಿನ ಸಮೀಪ ಬರುತ್ತಿದ್ದಂತೆ ದೋಣಿಯ ಎಂಜಿನ್ ಕೈಕೊಟ್ಟಿತು. ಹಿಂದಿನಿಂದ ಗಾಳಿ ಬೀಸಿ ದೋಣಿಯನ್ನು ಸೀದಾ ಬೆಂಕಿಯತ್ತ ನೂಕತೊಡಗಿತು. ಲಂಗರು ಹಾಕಿ ಅದು ನೆಲ ಕಚ್ಚುವವರೆಗೆ ಕಾಯುವಷ್ಟು ಹೊತ್ತಿರಲಿಲ್ಲ.

“ಗಳ ತಗೊಂಡು ಹಡಗನ್ನ ಒತ್ತಿ ಹಿಡಿಯಯ್ಯಾ!” ಮೇಲಧಿಕಾರಿ ಕಿರುಚಿದರು. ಗಂಡ ಗಳ ಎತ್ತಿಕೊಂಡ.

“ಗಳ ಬಿಸಾಕ್ರೀ! ನೀರು ಬಿಡಿ, ಪೂರ್ತಿ ಬಿಡಿ!” ಎಂದಳು ಚುಕ್ಕಾಣಿಯಮ್ಮ. ನೀರೆತ್ತುವ ಪಂಪಿಗೆ ಬೇರೆಯೇ ಎಂಜಿನ್ ಇತ್ತು, ಅದು ಓಡುತ್ತಲೇ ಇತ್ತು.

ಗಂಡ ಗಳ ಬಿಸಾಕಿದ, ಪೈಪಿನ ತಿರುಪನ್ನು ಕೊನೆಯವರೆಗೂ ತಿರುವಿದ. ನೀರು ಭೋರ್ಗರೆದು ಬೆಂಕಿಯ ಮೇಲೆ ಬಿತ್ತು. ದೋಣಿ ನಡುಗಿತು, ನಿಂತಿತು, ಆಮೇಲೆ ಮೆಲ್ಲಗೆ ಹಿಂದೆ ಹಿಂದೆ ಸರಿಯಿತು. ಮೂವರಿಗೂ ಹೋದ ಜೀವ ಬಂದಂತಾಯಿತು.

ಇನ್ನೊಂದು ದೋಣಿ ಬಂದು ಅವರನ್ನು ದಡಕ್ಕೆ ಎಳೆದು ತಂದಿತು. ಇಳಿದ ಮೇಲೆ ಮೇಲಧಿಕಾರಿ ಗಂಡನನ್ನು ಕೇಳಿದರು: “ನಾನೊಂದು ಹೇಳಿದೆ, ಅವಳೊಂದು ಹೇಳಿದ್ಲು. ನೀನು ಯಾಕೆ ಅಂತ ಒಂದು ಮಾತೂ ಕೇಳ್ಲಿಲ್ವಲ್ಲಯ್ಯಾ?”

“ವಾದ ಎಲ್ಲಾ ಮನೇಲಿ, ಸರ್,” ಎಂದ ಅವನು ಮುಖದ ಮಸಿ ಒರೆಸಿಕೊಳ್ಳುತ್ತ. “ದೋಣೀಲಿ ಅವಳು ಹೇಳಿದ್ದೇ ಮಾತು.”

ಮೇಲಧಿಕಾರಿ ಚುಕ್ಕಾಣಿಯಮ್ಮನ ಕಡೆ ತಿರುಗಿದರು.

“ಎಂಜಿನ್ ಬೇಗ ರಿಪೇರಿ ಮಾಡಿಸ್ಕೊಳಮ್ಮ. ನಿನ್ನ ದೋಣಿ ತಾನೆ?”